ನಲವತ್ತೊಂದು ಮಿಂಚು

ಎರ್ಸೀಲಿಯಾ ಹತ್ತೊಂಬತ್ತು ವರ್ಷದಿಂದ ಬೆಟ್ಟದ ಹೊಟ್ಟೆಯೊಳಗೆ ಕೂತು ಒಂದು ಮಿಂಚಿಗಾಗಿ ಕಾದಿದ್ದಳು. ಅಬ್ರುಝೋ ಸೀಮೆಯ ಆ ಬೆಟ್ಟವನ್ನು ಕೊರೆದು ರಸ್ತೆ ಹೋಗಿದೆ. ಸುರಂಗದ ನಡುಮಧ್ಯೆ ಒಂದು ಕಬ್ಬಿಣದ ಬಾಗಿಲು. ಅದರಾಚೆ, ತಲೆಯ ಮೇಲೆ ಒಂದು ಕಿಲೋಮೀಟರಿಗೂ ಮಿಕ್ಕಿ ಬಂಡೆ ಹೊತ್ತ ಗವಿಯಲ್ಲಿ, ತಣಿಸಿ ದ್ರವವಾಗಿಸಿದ ಝೆನಾನ್ ಅನಿಲ ತುಂಬಿದ ತೊಟ್ಟಿ. ಲೋಕದಲ್ಲಿ ಕಾಣುವುದಕ್ಕಿಂತ ಐದು ಪಟ್ಟು ಹೆಚ್ಚು ಕಾಣದ ದ್ರವ್ಯವಿದೆ, ಅದು ಬಂಡೆಯನ್ನೂ ನಮ್ಮನ್ನೂ ಸದ್ದಿಲ್ಲದೆ ಹಾದುಹೋಗುತ್ತಿರುತ್ತದೆ, ಎಂದಾದರೊಮ್ಮೆ ತೊಟ್ಟಿಯ ಪರಮಾಣುವೊಂದಕ್ಕೆ ತಾಗಿದರೆ ಚೂರು ಬೆಳಕು ಮಿಂಚೀತು ಎನ್ನುವುದು ಅಲ್ಲಿನವರ ನಂಬಿಕೆ.

ಆ ನಂಬಿಕೆಗೇ ಅವಳು ತುಲ್ಲಿಯೋನನ್ನು ಬಿಟ್ಟುಕೊಟ್ಟಿದ್ದಳು. ಆರು ವರ್ಷ ಒಂದೇ ಮನೆಯಲ್ಲಿ ಬಾಳಿದ ಮೇಲೆ ಅವನಿಗೆ ಜಿನೀವಾದಲ್ಲಿ, ದ್ರವ್ಯಕ್ಕೆ ತಾಗಿದೊಡನೆ ಎರಡೂ ಅಳಿದುಹೋಗುವಂಥ ಪ್ರತಿದ್ರವ್ಯದ ಕೆಲಸ ಸಿಕ್ಕಿತು. "ಜೊತೆಗೆ ಬಾರೇ" ಎಂದ. "ಇನ್ನೊಂದು ವರ್ಷ ತಡಿ, ಸಿಕ್ಕೇ ಸಿಗತ್ತೆ" ಎಂದಳು. ಆ ಒಂದು ವರ್ಷ ಬೆಳೆದು ಹದಿಮೂರಾಯಿತು. ಈ ನಡುವೆ ಅವನಿಗೆ ಮದುವೆಯೂ ಆಗಿ ಹನ್ನೊಂದರ ಮಗಳಿದ್ದಳು.

ಆ ವಸಂತದಲ್ಲಿ ಚಳಿಗಾಲದ ದಾಖಲೆ ಬಿಚ್ಚಿ ನೋಡಿದಾಗ ಮಿಂಚುಗಳಿದ್ದವು. ಸುತ್ತಲ ಬಂಡೆ, ಲೋಹಗಳಿಂದ ಬರುವ ಮಾಮೂಲಿ ಮಿಂಚುಗಳ ಲೆಕ್ಕಕ್ಕಿಂತ ನಲವತ್ತೊಂದು ಹೆಚ್ಚು. ಗುಂಪಿನವರೆಲ್ಲ ಮುಖ ಮುಖ ನೋಡಿಕೊಂಡರು. ಖಚಿತವಾಗುವ ತನಕ ಹೊರಗೆ ಬಾಯಿ ಬಿಡಕೂಡದೆಂದು ಕಟ್ಟಪ್ಪಣೆಯಾಯಿತು. ಎರ್ಸೀಲಿಯಾ ಎಂಟು ದಿನ ತಡೆದಳು. ಒಂಬತ್ತನೆಯ ದಿನ ತುಲ್ಲಿಯೋಗೆ ಫೋನು ಮಾಡಿ, "ಸುಮ್ನೆ ಮಾಡ್ದೆ. ಹೇಗಿದೀಯ?" ಎಂದಳು.

ಆಚೆ ಕಡೆಯಿಂದ ಅವನು, "ನಿನ್ನ ದನಿ ನಂಗೊತ್ತಿಲ್ವೇನೇ? ಏನೂ ಹೇಳ್ಬೇಡ. ಶನಿವಾರ ಬರ್ತೀನಿ" ಎಂದ.

ಶನಿವಾರ ಬೆಳಿಗ್ಗೆ ಅವಳಿಗೆ ಮನೆಯಲ್ಲಿ ಕಾಲು ನಿಲ್ಲಲಿಲ್ಲ. ಅವನು ಬರುವ ಬಸ್ಸಿಗಿನ್ನೂ ನಾಲ್ಕು ತಾಸಿತ್ತು. ಗವಿಗೆ ಹೋಗಿ ಮಿಂಚುಗಳ ತಾರೀಖುಗಳನ್ನು ಮತ್ತೆ ತಿರುವಿ ಹಾಕಿದಳು. ಫೆಬ್ರವರಿಯಲ್ಲಿ ಮೂರು ವಾರ ಹೆಚ್ಚಿನದು ಒಂದೂ ಇರಲಿಲ್ಲ. ತೊಟ್ಟಿಯ ಝೆನಾನನ್ನು ಸುತ್ತಿಸುವ ಪಂಪುಗಳನ್ನು ನೋಡಿಕೊಳ್ಳುವ ಮುದುಕ ಫೌಸ್ಟೋ ಅಲ್ಲೇ ಕಾಫಿ ಹೀರುತ್ತಿದ್ದ.

"ಫೌಸ್ಟೋ, ಫೆಬ್ರವರೀಲಿ ಏನಾದ್ರೂ ನಿಲ್ಸಿದ್ರಾ?"

"ಹೊಸ ಪಂಪು ಕಣಮ್ಮ. ಬೇರಿಂಗ್ ಹೋಗಿತ್ತಲ್ಲ, ಮೂರು ವಾರ ಬಿಚ್ಚಿಟ್ಟಿದ್ದೆ. ಯಾಕೆ ಡಾಕ್ಟರಮ್ಮ, ಮುಖ ಹಂಗ್ಯಾಕಾಯ್ತು?"

ಪಂಪು ತಿರುಗಿದಾಗ ಮಿಂಚು, ನಿಂತಾಗ ಇಲ್ಲ. ಅದರ ಬೆಸುಗೆಯಿಂದಲೋ ರಬ್ಬರಿನಿಂದಲೋ ವಿಕಿರಣ ಸೂಸುವ ರೇಡಾನ್ ಅನಿಲ ಜಿನುಗಿ ತೊಟ್ಟಿಗೆ ಸೇರಿ ಮಿಂಚುತ್ತಿತ್ತು, ಅಷ್ಟೇ. ಆ ಪಂಪೇ ಬೇಕೆಂದು ಹಟ ಹಿಡಿದು ತರಿಸಿದವಳೂ ಅವಳೇ.

ತುಲ್ಲಿಯೋ ಬಸ್ಸಿನಿಂದ ಇಳಿದಾಗ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಇಬ್ಬರೂ ಚೌಕದ ಖಾನಾವಳಿಯ ಹೊರಗೆ, ಬಿಸಿಲಲ್ಲಿ ಕೂತು ಕಡ್ಡಿಗೆ ಪೋಣಿಸಿ ಸುಟ್ಟ ಕುರಿಮಾಂಸವನ್ನೂ ಕೆಂಪು ವೈನನ್ನೂ ತರಿಸಿದರು. ಅವನು ಮಗುವಿನಂತೆ ಹಿಗ್ಗಿದ್ದ. ಊಟ ಮುಗಿಯುವ ತನಕ ಹೇಳುವುದು ಬೇಡ ಅಂದುಕೊಂಡಳು. ಅವನ ಆ ಮುಖವನ್ನು ಇನ್ನೊಂದಿಷ್ಟು ಹೊತ್ತು ನೋಡಬೇಕಿತ್ತು. ಆದರೆ ಮೂರನೆಯ ಕಡ್ಡಿಗೆ ಕೈ ಹಾಕಿದವನೇ, "ಎಷ್ಟು ಬಂದ್ವೇ?" ಎಂದ.

"ನಲವತ್ತೊಂದು. ಎಲ್ಲಾ ಪಂಪಿಂದು. ಇವತ್ತು ಬೆಳಿಗ್ಗೆ ಗೊತ್ತಾಯ್ತು."

ಅವನು ಕಡ್ಡಿಯನ್ನು ತಟ್ಟೆಗಿಟ್ಟ. ನಗಲು ನೋಡಿದ, ಆಗಲಿಲ್ಲ.

"ನಂದೇನು ಹೆಚ್ಚಲ್ಲ ಬಿಡು. ಪ್ರತಿದ್ರವ್ಯ ಹಿಡಿದು ತೂಗಿ, ಬೀಳಿಸಿ, ಹದಿಮೂರು ವರ್ಷ ನೋಡಿದೀನಿ. ಮಾಮೂಲಿ ದ್ರವ್ಯದ ಹಾಗೇ ಬೀಳತ್ತೆ, ನಮ್ಮ ಅಳತೆಗೆ ಸಿಗೋ ವ್ಯತ್ಯಾಸ ಇಲ್ಲ. ಹಂಗಾದ್ರೆ ಲೋಕದ ಶುರುವಲ್ಲಿ ದ್ರವ್ಯಕ್ಕೆ ಸರಿಸಮ ಇದ್ದಿದ್ದು ಎಲ್ಲಿ ಹೋಯ್ತು? ಅದರ ಪಾಲು ಅಳಿದು ನಾವು ಮಾತ್ರ ಹೇಗೆ ಉಳಿದ್ವಿ? ಯಾರಿಗೂ ಗೊತ್ತಿಲ್ಲ."

"ಇಷ್ಟು ದೂರ ಸುಮ್ನೆ ಬಂದ ಹಾಗಾಯ್ತಲ್ಲೋ."

"ಮಿಂಚು ನೋಡೋಕೆ ಬಂದೆ ಅಂದ್ಕೊಂಡ್ಯಾ?" ಎಂದವನು, ತನ್ನ ಮಾತಿಗೆ ತಾನೇ ಬೆಚ್ಚಿ ಗ್ಲಾಸಿಗೆ ಕೈಹಾಕಿದ.

ಎಂಟು ದಿನ ಎರ್ಸೀಲಿಯಾಳ ನಾಲಿಗೆಯ ತುದಿಯಲ್ಲಿದ್ದದ್ದು ಮಿಂಚಿನ ಸುದ್ದಿಯಲ್ಲ, ಅವನ ಹೆಸರು. ಅದನ್ನು ಹೇಳಬಹುದಿತ್ತು. ಅಷ್ಟರಲ್ಲಿ ಅವನ ಫೋನು ಗುಣುಗುಟ್ಟಿತು. ಅವನು ಫ್ರೆಂಚಿನಲ್ಲಿ, ಅವಳು ಎಂದೂ ಕೇಳದಿದ್ದ ಮೆದು ದನಿಯಲ್ಲಿ, ಮಗಳ ಲೆಕ್ಕದ ಪಾಠವೊಂದನ್ನು ಬಿಡಿಸಿ ಹೇಳಿದ. ಅವಳು ಕೇಳುತ್ತ ಕೂತಳು. ಅವನು ಫೋನಿಟ್ಟಾಗ, "ಭಾಗಾಕಾರನಾ?" ಎಂದಳು.

"ಹೂಂ. ಶೇಷ ಉಳಿದ್ರೆ ಅಳ್ತಾಳೆ."

ಇಬ್ಬರೂ ನಕ್ಕರು. ಐದು ಗಂಟೆಯ ಬಸ್ಸು ಹತ್ತುವಾಗ ಅವನು ಅವಳ ಕೈಯನ್ನು ತನ್ನೆರಡು ಕೈಯೊಳಗೆ ಹಿಡಿದು, "ನಿಜವಾಗ್ಲೂ ಸಿಕ್ಕಿದ ದಿನ ಫೋನ್ ಮಾಡ್ತೀಯ ತಾನೆ?" ಎಂದ.

"ಸಿಗದಿದ್ರೂ ಮಾಡ್ಲಾ?"

ಅವನು ತಲೆಯಾಡಿಸಿದ. ಹೌದೋ ಅಲ್ಲವೋ ತಿಳಿಯುವ ಮೊದಲೇ ಬಾಗಿಲು ಮುಚ್ಚಿತು. ಬಸ್ಸು ತಿರುವು ದಾಟಿದ ಮೇಲೂ ಅವಳು ಬಹಳ ಹೊತ್ತು ಅಲ್ಲೇ ನಿಂತಿದ್ದಳು.

ಸೋಮವಾರ ಸಭೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದಳು, ತಪ್ಪು ತನ್ನದೇ ಎಂಬುದನ್ನೂ. ಯಾರೂ ಬೈಯಲಿಲ್ಲ; ಬೈದಿದ್ದರೆ ಹಗುರಾಗುತ್ತಿತ್ತು. ಸಭೆ ಮುಗಿದ ಮೇಲೆ ಗವಿಗಿಳಿದಳು. ಫೌಸ್ಟೋ ಆ ಪಂಪನ್ನು ಬಿಚ್ಚಲು ಸ್ಪ್ಯಾನರ್ ಹಿಡಿದು ಕಾಯುತ್ತಿದ್ದ.

"ಅತ್ತುಬಿಡಮ್ಮ, ಇಲ್ಯಾರೂ ಇಲ್ಲ" ಎಂದ.

"ಆಮೇಲೆ ಅಳ್ತೀನಿ. ಮೊದಲು ಆ ಕಡೆ ಬೋಲ್ಟು ಹಿಡ್ಕೊಳಿ."