ಎಡಗೈಯ ಭಾಗ

ವರ್ಷ ತುಂಬಿದ ಮೇಲೆ ಬಂದ ಮೊದಲ ಪಿತೃಪಕ್ಷ ಅದು. ಅಮಾವಾಸ್ಯೆಯ ಎಡೆಗೆ ಸಿದ್ದಪ್ಪನನ್ನೂ ಕರೆದು ಬಾ ಎಂದರು ಅತ್ತೆ.

ನನ್ನ ಗಂಡ ವೆಂಕಟಸ್ವಾಮಿ ಎಂಬತ್ತೊಂದನೇ ಇಸವಿಯ ಶ್ರಾವಣದಲ್ಲಿ ಕಾಮಾಲೆಯಿಂದ ತೀರಿಕೊಂಡರು. ಇಟ್ಟಮಡುವಿನ ಮನೆಯಲ್ಲಿ ನಾನು ಮತ್ತು ಅತ್ತೆ ನಾಗಲಕ್ಷ್ಮಮ್ಮ ಉಳಿದೆವು. ಬಿಳೇಕಹಳ್ಳಿಯಿಂದ ಅಪ್ಪ ಬಂದು, ಎಂ.ಎ. ಮಾಡಿದ್ದೀಯ, ಎಲ್ಲಾದರೂ ಕೆಲಸ ಸಿಗುತ್ತದೆ, ಹೊರಡು ಎಂದರು. ಹೂಂ ಎಂದೆ, ಹೊರಡಲಿಲ್ಲ. ಇರುವುದಕ್ಕೆ ಕಾರಣವಿರಲಿಲ್ಲ. ಹೋಗುವುದಕ್ಕೂ ಇರಲಿಲ್ಲ.

ನನ್ನ ಗಂಡ ಗಿಟಾರ್ ಕಲಿಯುತ್ತಿದ್ದರು. ಆರ್ಕೆಸ್ಟ್ರಾದವರು ಬಾರಿಸುವಂಥದ್ದಲ್ಲ, ನೈಲಾನ್ ತಂತಿಯದ್ದು, ಬೆರಳುಗಳಿಂದ ಮೀಟುವುದು. ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಅವರ ಪಕ್ಕದ ಮೇಜಿನಲ್ಲಿದ್ದ ಮರುಳಸಿದ್ದಪ್ಪ, ನಾವು ಸಿದ್ದಪ್ಪ ಎನ್ನುವವರು, ಈ ಹುಚ್ಚು ಹಿಡಿಸಿದ್ದು. ಇವರು ಸಂಜೆ ಕೆಲಸದಿಂದ ಬಂದು ಕಾಫಿ ಕುಡಿದವರು ಸಾಮಾನಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ರಾಗಿ ಮೂಟೆಗಳ ನಡುವೆ ಸ್ಟೂಲಿನ ಮೇಲೆ ಕುಳಿತು, ಟೇಪ್ ರೆಕಾರ್ಡರಿನ ತಂತಿಯನ್ನು ಒಂದು ಕಿವಿಗೆ ಸಿಕ್ಕಿಸಿಕೊಂಡು ನುಡಿಸುತ್ತಿದ್ದರು. ಹೊರಗೆ ನಮಗೆ ಕೇಳುತ್ತಿದ್ದುದು ತುಂಡು ತುಂಡು. ಕೆಳದನಿಯಲ್ಲಿ ನಾಲ್ಕು ಸ್ವರ, ಆಮೇಲೆ ಏನೂ ಇಲ್ಲ, ಮತ್ತೆ ಎರಡು. ಅತ್ತೆ ಅಕ್ಕಿ ಆರಿಸುತ್ತ, ಇವನು ಪೂರ್ತಿ ಒಂದು ಹಾಡು ಬಾರಿಸುವುದನ್ನು ನಾನು ನೋಡುತ್ತೇನೋ ಇಲ್ಲವೋ ಎಂದು ನಗುತ್ತಿದ್ದರು.

ಅವರು ಹೋದ ಮೇಲೆ ಅತ್ತೆ ಊಟ ಬಿಟ್ಟರು. ತಟ್ಟೆಯ ಮುಂದೆ ಕೂರುತ್ತಿದ್ದರು, ಕೈ ತೊಳೆದು ಏಳುತ್ತಿದ್ದರು. ನಾನು ಬಲವಂತ ಮಾಡಲಿಲ್ಲ. ನನಗೆ ಆಗ ಯಾವುದಕ್ಕೂ ಬಲ ಇರಲಿಲ್ಲ.

ಒಂದು ದಿನ ಸಾಮಾನಿನ ಕೋಣೆ ಗುಡಿಸುವಾಗ ಟೇಪ್ ರೆಕಾರ್ಡರಿನ ಧೂಳು ಒರೆಸಿ ಗುಂಡಿ ಒತ್ತಿದೆ. ಒಳಗೆ ಕ್ಯಾಸೆಟ್ ಇತ್ತು. ಗಿಟಾರ್ ಬಂತು. ತೆಳುವಾಗಿ, ಸಲೀಸಾಗಿ, ಎಲ್ಲೂ ಎಡವದೆ ಮೇಲೇರಿ ಇಳಿಯುವ ನಾದ. ನಡುವೆ ಒಮ್ಮೊಮ್ಮೆ ಯಾರಿಗೋ ದಾರಿ ಬಿಟ್ಟಂತೆ ಸ್ವಲ್ಪ ಮೌನ, ಮತ್ತೆ ಮುಂದಕ್ಕೆ. ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದು ಮೂಟೆಗೆ ಒರಗಿ ಕುಳಿತರು.

"ಕಲ್ತ್ಬಿಟ್ಟಿದ್ದ ನೋಡು," ಎಂದರು. "ನಮಗೆ ಹೇಳ್ನೇ ಇಲ್ಲ."

ಆ ರಾತ್ರಿ ಅವರು ಒಂದು ಮುದ್ದೆ ಉಂಡರು.

ಅಂದಿನಿಂದ ಸಂಜೆ ದೀಪ ಹಚ್ಚಿದ ಮೇಲೆ ಕ್ಯಾಸೆಟ್ ಹಾಕುವುದು ನನ್ನ ಕೆಲಸವಾಯಿತು. ಎದುರುಮನೆಯ ಅಂಕಮ್ಮ ಬಂದರೆ ಅತ್ತೆ ಅವರನ್ನೂ ಕೂರಿಸಿ ಕೇಳಿಸುತ್ತಿದ್ದರು. ಇಲ್ಲಿ ನೋಡು, ಇಲ್ಲಿ ಅವನು ಉಸಿರು ಹಿಡಿದಿದ್ದಾನೆ, ಚಿಕ್ಕವನಿದ್ದಾಗಲೂ ಹಾಗೇ ಎನ್ನುತ್ತಿದ್ದರು. ನನಗೂ ಅದು ಅವರ ಉಸಿರೇ ಎನಿಸುತ್ತಿತ್ತು. ನಾನು ಅಳುತ್ತಿರಲಿಲ್ಲ. ಕ್ಯಾಸೆಟ್ ಮುಗಿದಾಗ ಗುಂಡಿ ಟಕ್ ಎಂದು ತಾನೇ ಮೇಲೇಳುವುದನ್ನು ಕಾಯುತ್ತಿದ್ದೆ.

ಸಿದ್ದಪ್ಪನವರ ಮನೆ ಜಯನಗರದ ನಾಲ್ಕನೇ ಟಿ ಬ್ಲಾಕಿನಲ್ಲಿ, ಮಹಡಿಯ ಮೇಲೆ. ಅವರ ತಾಯಿ ಬಾಗಿಲು ತೆರೆದು ಒಳಗೆ ಕೂರಿಸಿ ಕಾಫಿಗೆ ಇಟ್ಟರು. ಸಿದ್ದಪ್ಪ ನನ್ನನ್ನು ನೋಡಿ ಎದ್ದು ನಿಂತವರು ಕೂರಲೇ ಇಲ್ಲ. ಮಣ್ಣು ಮಾಡಿದ ದಿನ ಬಂದು ಹೋದವರು ಆಮೇಲೆ ನಮ್ಮ ಕಡೆ ಬಂದಿರಲಿಲ್ಲ. ಎಡೆಗೆ ಬರಬೇಕಂತೆ ಎಂದೆ. ನಿಮಗೆ ಬೇರೆ ಒಲೆಯಲ್ಲಿ ಪಾಯಸ, ಚಿತ್ರಾನ್ನ ಮಾಡುತ್ತಾರಂತೆ, ಮಾಂಸದ ಪಾತ್ರೆ ಮುಟ್ಟಿಸುವುದಿಲ್ಲವಂತೆ ಎಂದೂ ಹೇಳಿದೆ. ಅವರು ತಲೆಯಾಡಿಸಿದರು. ನಂತರ, ಅವನ ಗಿಟಾರಿನ ತಂತಿ ಸಡಿಲ ಮಾಡಿಟ್ಟಿದ್ದೀರಾ, ಇಲ್ಲದಿದ್ದರೆ ಕತ್ತು ಬಗ್ಗಿಹೋಗುತ್ತದೆ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ ಎಂದೆ.

ಆ ಮಾತಿಗೆ ಏನಾದರೂ ಸೇರಿಸಬೇಕೆಂದು, ನೀವಿಬ್ಬರೂ ಕಲಿಯುತ್ತಿದ್ದುದು ಏನನ್ನು ಎಂದು ಕೇಳಿದೆ.

ಸಿದ್ದಪ್ಪ ಕಪಾಟಿನಿಂದ ಒಂದು ರೆಕಾರ್ಡ್ ತೆಗೆದರು. ಇಬ್ಬರೂ ಸೇರಿ ಹಳೆಯ ಸಾಮಾನಿನ ಅಂಗಡಿಯಲ್ಲಿ ಕೊಂಡದ್ದಂತೆ. ಹೊದಿಕೆಯ ಮೇಲೆ ಎದುರುಬದುರು ಕುರ್ಚಿಗಳಲ್ಲಿ ಕುಳಿತ ಇಬ್ಬರು ಗಿಟಾರ್ ವಾದಕರು. ಒಬ್ಬರು ಇನ್ನೊಬ್ಬರ ಕೈಯನ್ನು ನೋಡುತ್ತಿದ್ದರು. ಸಿದ್ದಪ್ಪ ಪ್ಲೇಯರಿನ ಮುಳ್ಳನ್ನು ರೆಕಾರ್ಡಿನ ಮೇಲೆ ಇಳಿಸಿದರು.

ಮೊದಲು ನನಗೆ ಅದು ಒಂದೇ ವಾದ್ಯ ಅನ್ನಿಸಿತು. ಒಂದೇ ಮನಸ್ಸು ಎರಡು ಕಡೆಯಿಂದ ಯೋಚಿಸುತ್ತಿರುವ ಹಾಗೆ. ಮೇಲಿನದ್ದು ಒಂದು ಮಾತು ಹೇಳಿದರೆ ಕೆಳಗಿನದ್ದು ಅದನ್ನೇ ತಡವಾಗಿ ಹೇಳುತ್ತಿತ್ತು, ಅಷ್ಟರಲ್ಲಿ ಮೇಲಿನದ್ದು ಮುಂದಕ್ಕೆ ಹೋಗಿರುತ್ತಿತ್ತು. ಸಿದ್ದಪ್ಪ ಮೆಲ್ಲಗೆ ವಿವರಿಸಿದರು. ಇದು ಗಿಟಾರಿಗೆ ಬರೆದದ್ದಲ್ಲ. ಯೂರೋಪಿನಲ್ಲಿ ಬರೋಕ್ ಎಂದು ಕರೆಯುವ ಹಳೆಯ ಕಾಲದ್ದು, ಪಿಯಾನೋಗಿಂತ ಮುಂಚೆ ಇದ್ದ ಹಾರ್ಪ್ಸಿಕಾರ್ಡ್ ಎಂಬ ವಾದ್ಯಕ್ಕೆ ಬರೆದದ್ದು. ಅದರಲ್ಲಿ ಹಾರ್ಮೋನಿಯಮ್ಮಿನಂತೆ ಮನೆ ಒತ್ತಿದರೆ ಒಳಗೆ ತಂತಿಯನ್ನು ಮೀಟುತ್ತದೆ, ಬಡಿಯುವುದಿಲ್ಲ. ಅದಕ್ಕೇ ಗಿಟಾರಿಗೆ ಒಗ್ಗುತ್ತದೆ. ಆದರೆ ಒಂದು ಗಿಟಾರಿಗೆ ಅಷ್ಟನ್ನೂ ಹಿಡಿಯಲು ಆಗುವುದಿಲ್ಲ. ಒಬ್ಬ ಮನುಷ್ಯನ ಎರಡು ಕೈಯ ಕೆಲಸವನ್ನು ಇಬ್ಬರು ಹಂಚಿಕೊಳ್ಳಬೇಕು.

ಆಮೇಲಿನ ಭಾಗ ಬಂದಾಗ ನಾನು ಸೆಟೆದು ಕುಳಿತೆ. ಆ ತೆಳುವಾದ ನಾದ ನಮ್ಮ ಮನೆಯದ್ದು. ಅದು ದಾರಿ ಬಿಡುತ್ತಿದ್ದ ಮೌನಗಳಲ್ಲಿ ಇಲ್ಲಿ ಕೆಳದನಿ ಬಂದು ಕೂರುತ್ತಿತ್ತು. ಇದನ್ನೇ ಅವರು ನುಡಿಸಿದ್ದು ನಮ್ಮಲ್ಲಿದೆ, ದಿನಾ ಕೇಳುತ್ತೇವೆ ಎಂದೆ.

ಸಿದ್ದಪ್ಪ ಮುಳ್ಳು ಎತ್ತಿದರು.

"ಅಕ್ಕ, ಅದು ನಾನು."

ಅವರ ತಾಯಿ ಕಾಫಿ ಲೋಟ ತಂದಿಟ್ಟು ಮಗನ ಮುಖ ನೋಡಿ ಒಳಗೆ ಹೋದರು. ಸಿದ್ದಪ್ಪ ನೆಲ ನೋಡುತ್ತ ಹೇಳಿದರು. ಆಮೇಲಾಮೇಲೆ ಇಬ್ಬರಿಗೂ ಬೇರೆ ಬೇರೆ ಪಾಳಿಯಾಯಿತು, ಸೇರಲು ಸಿಗುತ್ತಿದ್ದುದು ಭಾನುವಾರ ಮಾತ್ರ. ಹಾಗಾಗಿ ಒಬ್ಬೊಬ್ಬರೂ ತಮ್ಮ ಭಾಗವನ್ನು ಟೇಪ್ ಮಾಡಿ ಇನ್ನೊಬ್ಬರಿಗೆ ಕೊಡುತ್ತಿದ್ದರು. ಬಲಗೈಯ ಭಾಗ ನುಡಿಸುವುದು ನಾನು, ಎಡಗೈಯದ್ದು ವೆಂಕಟ. ಗೆಳೆಯನ ಭಾಗವನ್ನು ಕಿವಿಗೆ ಹಾಕಿಕೊಂಡು ತನ್ನ ಭಾಗ ಸಾಧನೆ ಮಾಡುವುದು. ನಿಮ್ಮ ಮನೆಯಲ್ಲಿರುವುದು ನನ್ನದು, ನನ್ನ ಮನೆಯಲ್ಲಿರುವುದು ಅವನದ್ದು.

ಅವರದ್ದನ್ನು ಕೇಳಬೇಕು ಎಂದೆ. ಅವರು ಕ್ಯಾಸೆಟ್ ಹಾಕಿದರು. ಸಾಮಾನಿನ ಕೋಣೆಯ ತುಂಡು ಸ್ವರಗಳು ಬಂದವು. ಸಿದ್ದಪ್ಪ ತಮ್ಮ ಗಿಟಾರ್ ಎತ್ತಿಕೊಂಡು ಜೊತೆಗೆ ನುಡಿಸಿದರು. ಎರಡೂ ಸೇರಿ ಆ ಕೋಣೆಯಲ್ಲಿ ಒಂದಾದವು. ಒಂದು ಕಡೆ ಟೇಪಿನಲ್ಲಿದ್ದವರು ಎಡವಿ ನಿಂತರು. ಬೆರಳಿನಿಂದ ಮರವನ್ನು ತಟ್ಟಿದ ಸದ್ದು. ಸಿದ್ದಪ್ಪ ಅದಕ್ಕೂ ಮುಂಚೆಯೇ ಕೈ ತಡೆದು ಕಾದರು. ಟೇಪು ಮತ್ತೆ ಹಿಡಿದುಕೊಂಡಾಗ ಇವರೂ ಹಿಡಿದುಕೊಂಡರು. ವರ್ಷವೆಲ್ಲ ಹೀಗೆ ಕಾದಿದ್ದಾರೆ ಎಂದು ಗೊತ್ತಾಯಿತು.

ಆ ಕ್ಯಾಸೆಟ್ ಕೊಡಿ ಎಂದು ಕೇಳಿದೆ. ಅವರ ಹತ್ತಿರ ಇದ್ದದ್ದು ಅದೊಂದೇ. ತೆಗೆದು, ಡಬ್ಬಿಗೆ ಹಾಕಿ, ಕೊಟ್ಟರು.

ಅತ್ತೆಗೆ ಹೇಳಬೇಕಾಗಿತ್ತು. ಹೇಗೆ ಹೇಳುವುದು ಎಂದು ಬಸ್ಸಿನಲ್ಲಿ ಯೋಚಿಸಿದೆ. ನೀವು ಕೇಳಿ ಅತ್ತದ್ದು ನಿಮ್ಮ ಮಗನದ್ದಲ್ಲ ಎಂಬ ಮಾತನ್ನು ಎಷ್ಟು ಮೆತ್ತಗೆ ಹೇಳಿದರೂ ಅದು ಅಷ್ಟೇ ಇರುತ್ತದೆ. ಮರುದಿನ ಅತ್ತೆ ವಡೆಗೆ ಬೇಳೆ ರುಬ್ಬುತ್ತಿದ್ದಾಗ ಹತ್ತಿರ ಹೋಗಿ ಕುಳಿತೆ. ನಾನು ಬಾಯಿ ತೆರೆಯುವ ಮುಂಚೆ ಅವರೇ ಹೇಳಿದರು. ಈ ಸಲ ಎಡೆಯ ಮುಂದೆ ಅವನ ಗಿಟಾರ್ ಹಾಕಿಬಿಡೋಣ, ಅವನಿಗೆ ಅದಕ್ಕಿಂತ ಇಷ್ಟವಾದದ್ದು ಇನ್ನೇನಿತ್ತು ಎಂದರು. ನಾನು ಬೇಳೆ ತಳ್ಳಿಕೊಟ್ಟೆ.

ಹೇಳಲಾಗದಿದ್ದರೆ ಬೇಡ, ಸುಮ್ಮನೆ ಬದಲಾಯಿಸಿಬಿಡುತ್ತೇನೆ ಎಂದುಕೊಂಡೆ. ಸತ್ತವರ ಮುಂದೆ ಅವರದ್ದೇ ಇರಲಿ. ಅತ್ತೆಗೆ ವ್ಯತ್ಯಾಸ ತಿಳಿಯಲಾರದು.

ಅಮಾವಾಸ್ಯೆಯ ಮಧ್ಯಾಹ್ನ ನಡುಮನೆಯಲ್ಲಿ ಎರಡು ಎಲೆ ಹಾಸಿದೆವು. ಮಾವ ಪಿಳ್ಳಣ್ಣನವರ ಫೋಟೋದ ಮುಂದೆ ಬೀಡಿ ಕಟ್ಟು, ಬೆಂಕಿಪೊಟ್ಟಣ. ಮಗನ ಫೋಟೋದ ಮುಂದೆ ಹೊಸ ಶರ್ಟು. ಎರಡಕ್ಕೂ ಮುದ್ದೆ, ಮಾಂಸದ ಸಾರು, ವಡೆ, ಕಜ್ಜಾಯ. ಎಲ್ಲವನ್ನೂ ಬಡಿಸಿ ಧೂಪ ಹಾಕಿದ ಮೇಲೆ ಬಾಗಿಲು ಎಳೆದುಕೊಂಡು ನಾವು ಹೊರಗೆ ಕೂರಬೇಕು. ಅಷ್ಟು ಹೊತ್ತು ಮನೆ ಅವರದ್ದು. ಬಂದು ಉಂಡು ಹೋಗುತ್ತಾರೆ.

ಸಿದ್ದಪ್ಪ ಬಂದು ಹೊಸ್ತಿಲಿನ ಬಳಿ ನಿಂತಿದ್ದರು. ನಾನು ಎಲೆಯ ಪಕ್ಕದಲ್ಲಿ ರೆಕಾರ್ಡರ್ ಇಟ್ಟು, ಅವರು ಕೊಟ್ಟ ಕ್ಯಾಸೆಟ್ ಹಾಕಿ ಗುಂಡಿ ಒತ್ತಿದೆ. ಧೂಪ ಹಿಡಿದಿದ್ದ ಅತ್ತೆಯ ಕೈ ನಿಂತಿತು.

"ಇದ್ಯಾರ್ದವ್ವ?"

"ಇದೂ ಅವರದ್ದೇ ಅತ್ತೆ," ಎಂದೆ. "ಸಿದ್ದಪ್ಪನವರ ಹತ್ರ ಇತ್ತು."

ಅತ್ತೆ ತಲೆ ಒಂದು ಪಕ್ಕಕ್ಕೆ ವಾಲಿಸಿ ಕೇಳಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಕೆಳದನಿ ನಾಲ್ಕು ಹೆಜ್ಜೆ ಇಟ್ಟಿತು, ನಿಂತಿತು, ಎರಡು ಇಟ್ಟಿತು. ಎಡವುವ ಜಾಗ ಬಂತು. ಮರ ತಟ್ಟಿದ ಸದ್ದು ಕೇಳಿತು. ಗುರುತು ಹಿಡಿಯಲಿ ಎಂದು ಕಾದೆ.

ಅವರು ಇಲ್ಲವೆಂದು ತಲೆಯಾಡಿಸಿದರು.

"ನನ್ ಮಗಂದು ನನಗ್ ಗೊತ್ತಾಗಲ್ವಾ? ವರ್ಸದಿಂದ ಕೇಳ್ತಾ ಇವ್ನಿ. ಅವ್ನು ಹಿಂಗ್ ತಡವರಿಸ್ತಿರ್ಲಿಲ್ಲ." ಹೊಸ್ತಿಲ ಕಡೆ ತಿರುಗಿದರು. ದನಿಯಲ್ಲಿ ಅಕ್ಕರೆಯಿತ್ತು. "ಇದು ನಿಂದು, ಅಲ್ವೇನಪ್ಪ ಸಿದ್ದಪ್ಪ? ಇನ್ನೂ ಕಲೀತಾ ಇದ್ದೀಯ."

ಸಿದ್ದಪ್ಪ ನನ್ನ ಕಡೆ ನೋಡಿದರು. ನಾನು ಹೇಳಿ ಎನ್ನಬಹುದಿತ್ತು. ಬೇಡ ಎನ್ನಲೂಬಹುದಿತ್ತು. ನಾನು ಯಾವ ಸನ್ನೆಯನ್ನೂ ಮಾಡಲಿಲ್ಲ. ನನ್ನ ಮುಖದಲ್ಲಿ ಆಗ ಏನೂ ಇರಲಿಲ್ಲ ಎಂದು ಕಾಣುತ್ತದೆ. ಏಕೆಂದರೆ ಅವರು ಬಹಳ ಹೊತ್ತು ಹುಡುಕಿದರು.

"ಹೂಂನಮ್ಮ," ಎಂದರು. "ನನ್ದೇ."

"ತಪ್ಪೇನಿಲ್ಲ ಬಿಡು. ಹಾಕವ್ವ ನಮ್ಮದನ್ನ. ಅವ್ನಿಗೆ ಊಟ ಆರೋಯ್ತದೆ."

ಕ್ಯಾಸೆಟ್ ಬದಲಾಯಿಸಿದೆ. ತೆಳುವಾದ ನಾದ, ಎಲ್ಲೂ ಎಡವದ್ದು, ನಡುಮನೆಯನ್ನು ತುಂಬಿತು. ಅತ್ತೆ ಧೂಪವನ್ನು ಎಲೆಯ ಸುತ್ತ ತಿರುಗಿಸಿ ಕೈ ಮುಗಿದರು. ಬಾಗಿಲು ಎಳೆದುಕೊಂಡು ನಾವು ಮೂವರೂ ಜಗಲಿಯ ಮೇಲೆ ಕುಳಿತೆವು. ಅಂಕಮ್ಮ ತಮ್ಮ ಮನೆಯ ಎಡೆ ಮುಗಿಸಿ ಬಂದು ಮೆಟ್ಟಿಲ ಮೇಲೆ ಕೂತರು.

ಒಳಗೆ ಸಿದ್ದಪ್ಪ ನುಡಿಸುತ್ತಿದ್ದರು. ಹೊರಗೆ ಸಿದ್ದಪ್ಪ ನನ್ನ ಪಕ್ಕದಲ್ಲಿ ಮಂಡಿಯ ಮೇಲೆ ಕೈ ಮಡಚಿಟ್ಟು ಕುಳಿತಿದ್ದರು. ಆ ನಾದ ನಿಂತು ಕಾಯುವ ಜಾಗಗಳಲ್ಲಿ ಕೆಳದನಿಯನ್ನು ನೆನಪಿನಿಂದ ಸೇರಿಸಲು ನೋಡಿದೆ. ಜಯನಗರದಲ್ಲಿ ಒಂದೇ ಸಲ ಪೂರ್ತಿ ಕೇಳಿದ್ದು. ಬರಲಿಲ್ಲ. ಮರ ತಟ್ಟಿದ್ದು ಮಾತ್ರ ನೆನಪಿಗೆ ಬರುತ್ತಿತ್ತು.

"ಹೆಂಗ್ ಬಾರಿಸ್ತಾನೆ ನೋಡೆ," ಎಂದು ಅತ್ತೆ ಅಂಕಮ್ಮನಿಗೆ ಹೇಳಿದರು. ನಂತರ ಸಿದ್ದಪ್ಪನ ಕಡೆ ವಾಲಿ, "ಇದ್ದಾಗ್ಲೇ ಅವ್ನತ್ರ ಸರ್ಯಾಗ್ ಕಲ್ತ್ಕೋಬೇಕಾಗಿತ್ತು ಕಣಪ್ಪ ನೀನು," ಎಂದರು.

"ಆಗ್ಲಿಲ್ಲಮ್ಮ."

ನನ್ನ ಗಂಡನ ಕ್ಯಾಸೆಟ್ ನನ್ನ ಮಡಿಲಿನಲ್ಲಿತ್ತು. ಅತ್ತೆ ಅದನ್ನು ನೋಡಿದರು.

"ಅದನ್ಯಾಕ್ ಇಟ್ಕೊಂಡ್ ಕೂತಿದ್ದೀಯ? ಅವನ್ದು ಅವನಿಗೆ ಕೊಡು. ಕಲಿಯೋದಕ್ಕೆ ಬೇಕಾಗ್ತದೆ."

ಸಿದ್ದಪ್ಪ ಕೈ ಚಾಚಲಿಲ್ಲ. ಅತ್ತೆ ಕಾಯುತ್ತಿದ್ದರು. ನಾನು ಡಬ್ಬಿಯನ್ನು ಸಿದ್ದಪ್ಪನವರ ಮಂಡಿಯ ಪಕ್ಕದಲ್ಲಿ, ಕಲ್ಲಿನ ಮೇಲೆ ಇಟ್ಟೆ. ಅವರು ತಡಮಾಡಿ ಎತ್ತಿಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡರು.

"ಅಭ್ಯಾಸ ಬಿಡಬೇಡ," ಎಂದರು ಅತ್ತೆ.