ಪೆಟ್ಟಿಗೆ ಮಾತಾಡಬಾರದು

"ತಲೆ ಕಡೆ ಎತ್ತಪ್ಪಾ, ಎತ್ತು! ಹಾಂ... ಈಗ ಎಡಕ್ಕೆ. ಗೋಡೆ ನೋಡ್ಕೊ, ಗೋಡೆ!"

ಲಾರಿ ಡ್ರೈವರು ಮೆಟ್ಟಿಲ ಬುಡದಲ್ಲಿ ನಿಂತು ಕೈಯಾಡಿಸುತ್ತ ಕೂಗುತ್ತಿದ್ದ. ಮೇಲಿನಿಂದ ನಾಲ್ವರು ಹೆಣ ಇಳಿಸುತ್ತಿದ್ದರು. ನಾಲ್ವರೂ ಮನೆ ಸಾಮಾನು ಸಾಗಿಸುವ ಕಂಪನಿಯ ಆಳುಗಳು. ಬೀರು, ಫ್ರಿಜ್ಜು, ಮಂಚ ಅಂತ ಜನ್ಮವಿಡೀ ಇಂಥ ಇಕ್ಕಟ್ಟು ಮೆಟ್ಟಿಲುಗಳಲ್ಲೇ ಸವೆದವರು. ಹೆಣಕ್ಕೆ ಅಂತ ಬೇರೆ ವಿದ್ಯೆ ಎಲ್ಲಿಂದ ತರಬೇಕು? ಎರಡನೇ ಮಹಡಿಯ ತಿರುವಿನಲ್ಲಿ ಹೆಣ ಮಲಗಿಸಿದ್ದ ಹಲಗೆ ಸಿಕ್ಕಿಕೊಂಡಿತು.

"ನೆಟ್ಟಗೆ ನಿಲ್ಲಿಸಿ ಇಳಿಸೋಣ್ವಾ?" ಅಂದ ಕಾಲಿನ ಕಡೆಯವನು.

"ಬಾಯಿ ಮುಚ್ಚೋ. ಅಣ್ಣ ಏನು ಬೀರುನಾ?" ಅಂತ ತಲೆ ಕಡೆ ಹಿಡಿದಿದ್ದ ಗಂಟಪ್ಪ ಗದರಿದ. ಗದರಿ ತಾನೇ ನಾಚಿಕೊಂಡ. ಅವನ ತಲೆಗೂ ಹೊಳೆದಿದ್ದು ಅದೇ ಉಪಾಯ.

ಗಂಟಪ್ಪ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಲಾರಿಯ ಮೇಲೆ ಅವನು ಹಾಕಿದ ಹಗ್ಗದ ಗಂಟನ್ನು ಅವನೇ ಬಂದು ಬಿಚ್ಚಬೇಕು, ಇಲ್ಲದಿದ್ದರೆ ಹಗ್ಗ ಕುಯ್ಯಬೇಕು. ಹಾಗಾಗಿ ಗಂಟಪ್ಪ. ಹಲಗೆಯ ಮೇಲೆ ಬಿಳಿ ಬಟ್ಟೆ ಹೊದ್ದು ಮಲಗಿದ್ದವರು ದೀಪದಣ್ಣ. ಮನೆ ಬದಲಿಸುವವರ ದೀಪಗಳನ್ನು ಒಡೆಯದಂತೆ ಪೆಟ್ಟಿಗೆಗೆ ತುಂಬುವುದು ಮೂವತ್ತೊಂದು ವರ್ಷ ಅವರದೇ ಕೆಲಸವಾಗಿತ್ತು. ಬೇರೆಯವರು ದೀಪದ ಹತ್ತಿರ ಹೋದರೆ ಕೈ ಮೇಲೆ ಏಟು ಬೀಳುತ್ತಿತ್ತು.

ಮೂರನೇ ಮಹಡಿಯ ಅವರ ಒಂದೂವರೆ ಕೋಣೆಯಲ್ಲಿ ನಾಲ್ಕು ಜನ ನಿಲ್ಲುವುದೂ ಕಷ್ಟ. ಬಂದವರು ಮುಖ ನೋಡಲಿ ಅಂತ ಕೆಳಗಿನ ಮನೆಯವರು ತಮ್ಮ ಮುಂದಿನ ಕೋಣೆ ಬಿಟ್ಟುಕೊಟ್ಟಿದ್ದರು. ಅಲ್ಲಿ ಬೆಂಚಿನ ಮೇಲೆ ಹಲಗೆ ಇಟ್ಟಾಯಿತು. ಹಿಂದೆಯೇ ಇಳಿದು ಬಂದ ಅತ್ತಿಗೆ, ದೀಪದಣ್ಣನ ಹೆಂಡತಿ, ಸರಿದಿದ್ದ ಬಟ್ಟೆ ಎಳೆದು ಸರಿಮಾಡಿ ಗೋಡೆಗೊರಗಿ ಕೂತರು. ಅಳಲಿಲ್ಲ. ಮೊನ್ನೆ ಸಂಜೆ ಎದೆನೋವು ಅಂತ ಮಲಗಿದ ಗಂಡ ಬೆಳಗ್ಗೆ ಏಳಲಿಲ್ಲ. ಅವರ ಅಳು ಅಲ್ಲೇ ಎಲ್ಲೋ ನಿಂತುಹೋಗಿತ್ತು.

ಎರಡು ಗಂಟೆಗೆ ಮಸಾಣಕ್ಕೆ ಒಯ್ಯುವ ಗಾಡಿ ಬರುವುದಿತ್ತು. ಅಷ್ಟರೊಳಗೆ ಗಂಟಪ್ಪ ಅತ್ತಿಗೆಗೆ ಒಂದು ಮಾತು ಹೇಳಬೇಕಿತ್ತು: ಎಂಟು ತಿಂಗಳ ಹಿಂದೆ ಅಣ್ಣನ ಕೆಲಸ ಹೋದದ್ದು ಅಣ್ಣನ ತಪ್ಪಿನಿಂದಲ್ಲ, ನನ್ನಿಂದ. ಇಷ್ಟೇ. ಇದನ್ನು ಅಣ್ಣನಿಗೇ ಹೇಳಬೇಕಾಗಿತ್ತು. ಇವತ್ತು ಹೋಗುತ್ತೇನೆ, ನಾಳೆ ಹೋಗುತ್ತೇನೆ ಅಂತ ದಿನ ತಳ್ಳಿದ; ಅಣ್ಣನೇ ಹೋಗಿಬಿಟ್ಟರು. ಹೆಂಡತಿಗಾದರೂ ಹೇಳದೆ ಹೆಣ ಎತ್ತಿದರೆ ತಾನು ಮನುಷ್ಯನೇ ಅಲ್ಲ ಅಂತ ಬೆಳಗ್ಗೆ ಮುಖ ತೊಳೆಯುವಾಗ ಆಣೆ ಮಾಡಿಕೊಂಡಿದ್ದ. ಗಡಿಯಾರ ಆಗಲೇ ಹನ್ನೆರಡೂವರೆ ತೋರಿಸುತ್ತಿತ್ತು.

* * *

ಹೊಸದಾಗಿ ಕೆಲಸಕ್ಕೆ ಸೇರಿದಾಗ ಗಂಟಪ್ಪನಿಗೆ ದೀಪದಣ್ಣನನ್ನು ಕಂಡರೆ ನಗು. ಒಂದು ಟೇಬಲ್ ಲ್ಯಾಂಪಿಗೆ ಮುಕ್ಕಾಲು ಗಂಟೆ! ಬಾಣಂತಿ ಮಗುವಿಗೆ ಸ್ನಾನ ಮಾಡಿಸಿದ ಹಾಗೆ.

"ಮೊದ್ಲು ಬಲ್ಬ್ ಬಿಚ್ಚು," ಅನ್ನುತ್ತಿದ್ದರು ಅವರು. "ಬಲ್ಬ್ ಒಳಗೇ ಬಿಟ್ಟು ಕಟ್ಟೋನು, ಮಗು ಸಮೇತ ತೊಟ್ಟಿಲು ಲಾರಿಗೆ ಹಾಕೋನು. ಬಟ್ಟೆ ಶೇಡನ್ನ ಬಟ್ಟೆ ಹಿಡಿದು ಎತ್ತಬೇಡ, ಒಳಗಿನ ತಂತಿ ಹಿಡಿ. ನ್ಯೂಸ್‌ಪೇಪರ್ ಬೇಡವೋ ಶನಿ! ಊರ ಸುದ್ದಿಯೆಲ್ಲ ಶೇಡಿನ ಮೇಲೆ ಅಚ್ಚಾಗುತ್ತೆ. ಬಿಳಿ ಹಾಳೆ ತಗೋ."

ವೈರು ಸಡಿಲವಾಗಿ ಸುತ್ತಿ ಪಕ್ಕಕ್ಕಿಡಬೇಕು. ಗಾಜನ್ನು ಸುತ್ತಿ ಸಣ್ಣ ಪೆಟ್ಟಿಗೆಯಲ್ಲಿಟ್ಟು, ಆ ಪೆಟ್ಟಿಗೆಯನ್ನು ದೊಡ್ಡದರಲ್ಲಿಟ್ಟು, ನಡುವಿನ ಸಂದಿಗೆಲ್ಲ ಮುದುಡಿದ ಕಾಗದ ಗಿಡಿಯಬೇಕು. ಮುಚ್ಚಳ ಒತ್ತಿದರೆ ಅದು ತಿರುಗಿ ಒತ್ತಬೇಕು. ಕಡೆಗೆ ಎರಡೂ ಕೈಯಲ್ಲಿ ಎತ್ತಿ ಕಿವಿ ಹತ್ತಿರ ಹಿಡಿದು ಒಂಚೂರು ಅಲ್ಲಾಡಿಸಬೇಕು.

"ಪೆಟ್ಟಿಗೆ ಮಾತಾಡಬಾರದು. ಮಾತಾಡ್ತು ಅಂದ್ರೆ ಒಳಗೆ ಏನೋ ಓಡಾಡ್ತಿದೆ ಅಂತ. ಪೂರ್ತಿ ಬಿಚ್ಚಿ ಮತ್ತೆ ಕಟ್ಟು."

ಒಂದು ದಿನ ಅವರು ಪೆಟ್ಟಿಗೆಯೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ತೃಪ್ತಿಯಿಂದ ತಲೆದೂಗಿ, ಟೇಪು ಎಳೆಯತೊಡಗಿದರು. ಎರಡು ಮಾರು ದೂರದಲ್ಲಿದ್ದ ಗಂಟಪ್ಪನಿಗೆ ಒಳಗಿನ ಸದ್ದು ಕೇಳಿತ್ತು.

"ಅಣ್ಣಾ, ಗಿಲಕಿ ಆಡ್ದಂಗೆ ಆಡ್ತಿದೆ ಅದು!"

ಅಣ್ಣ ತಿರುಗಲಿಲ್ಲ. ಹೋಗಿ ಭುಜ ಮುಟ್ಟಿ ಹೇಳಿದ. ದೀಪದಣ್ಣನ ಮುಖ ಸುಣ್ಣದಂತಾಯಿತು. ಉಳಿದವರು ಊಟಕ್ಕೆ ಹೋದ ಮೇಲೆ ಅವನ ಕೈ ಹಿಡಿದುಕೊಂಡರು.

"ಎರಡು ವರ್ಷ ಆಯ್ತು ಕಣೋ, ಕಿವಿ ಸರಿಯಾಗಿ ಕೇಳಿಸ್ತಿಲ್ಲ. ಯಾರಿಗೂ ಹೇಳ್ಬೇಡ. ಗೊತ್ತಾದ್ರೆ ಗೋಡೌನು ಗುಡಿಸೋಕೆ ಹಾಕ್ತಾರೆ."

ಅಂದಿನಿಂದ ಪೆಟ್ಟಿಗೆ ಗಂಟಪ್ಪನ ಕಿವಿಗೆ ಬರತೊಡಗಿತು. ಸದ್ದಿಲ್ಲದಿದ್ದರೆ ಅವನು ಒಮ್ಮೆ ಕಣ್ಣು ಮುಚ್ಚಿ ತೆರೆಯುತ್ತಿದ್ದ. ಸದ್ದಿದ್ದರೆ ಮೂಗು ಮುಟ್ಟಿಕೊಳ್ಳುತ್ತಿದ್ದ. "ನನ್ನ ಕೈ, ನಿನ್ನ ಕಿವಿ" ಅಂತ ಅಣ್ಣ ನಗುತ್ತಿದ್ದರು. ಆರು ವರ್ಷ ಇದು ಯಾರಿಗೂ ತಿಳಿಯಲಿಲ್ಲ, ಒಂದು ಗಾಜೂ ಬಿರುಕು ಬಿಡಲಿಲ್ಲ.

* * *

"ಎಂಥಾ ಕೈ ಅದು!" ಅಂದರು ಕಂಪನಿಯ ಸೂಪರ್‌ವೈಸರು. ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಹೆಣಕ್ಕೆ ನೋವಾಗದಿರಲಿ ಎಂಬಂತೆ ಪಿಸುಗುಟ್ಟುತ್ತಿದ್ದರು. "ಕಡೇಲಿ ಕೈ ಸೋತುಹೋಯ್ತು, ಪಾಪ."

"ವಯಸ್ಸು ಸಾರ್, ಯಾರನ್ನ ಬಿಟ್ಟಿದೆ?" ಅಂದ ಡ್ರೈವರು. "ಸ್ವಲ್ಪ ಗತ್ತು ಜಾಸ್ತಿ. ನಾಲ್ಕು ಸಲ ಕರೆದ್ರೂ ತಿರುಗಿ ನೋಡ್ತಿರಲಿಲ್ಲ."

"ಹೂಂ, ಮೆಟ್ಟಿಲಲ್ಲಿ ಸಿಕ್ಕಿದ್ರೆ ಒಂದು ನಗೆ, ಅಷ್ಟೇ," ಅಂದರು ಕೆಳಗಿನ ಮನೆಯಾಕೆ. "ಊಟ ಆಯ್ತಾ ಅಂದ್ರೂ ನಗೆ, ಮಗನಿಗೆ ಜ್ವರ ಅಂದ್ರೂ ನಗೆ. ದೊಡ್ಡೋರು ಅಂತ ಸುಮ್ಮನಿದ್ದೆ."

ಗೋಡೆಗೊರಗಿದ್ದ ಅತ್ತಿಗೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಗಂಡ ಮುಚ್ಚಿಟ್ಟದ್ದನ್ನು ತಾನೇಕೆ ಬಿಚ್ಚಲಿ ಅಂತಲೋ ಏನೋ, ತುಟಿ ಎರಡು ಮಾಡಲಿಲ್ಲ. ಗಂಟಪ್ಪನಿಗೆ ಮೈಯೆಲ್ಲ ಉರಿಯಿತು. ಎದ್ದು ನಿಂತು ಹೇಳಿಬಿಡಲೇ?

ಅಷ್ಟರಲ್ಲಿ ಸೂಪರ್‌ವೈಸರೇ ಅವನತ್ತ ತಿರುಗಿದರು. "ಅವತ್ತು ಜೊತೇಲಿದ್ದೋನು ನೀನೇ ಅಲ್ವೇನೋ ಗಂಟಪ್ಪ? ಕೈ ನಡುಗ್ತಿತ್ತಾ ಅವರಿಗೆ?"

ಇದಕ್ಕಿಂತ ಒಳ್ಳೆಯ ಸಮಯ ದೇವರೇ ಇಳಿದು ಬಂದರೂ ಕೊಡಲಾರ. ಗಂಟಪ್ಪ ಬಾಯಿ ತೆರೆದ.

"ನಾನು ಅಷ್ಟು ಗಮನಿಸಲಿಲ್ಲ ಸಾರ್," ಅಂದ.

ಥೂ, ಅಂದಿತು ಒಳಗಿನ ಜೀವ. ಎಲ್ಲರೂ ಲೊಚಗುಟ್ಟಿ ಬೇರೆ ಮಾತಿಗೆ ಹೊರಳಿದರು.

* * *

ಅವತ್ತಿನದು ಗಾಜಿನ ಗೊಂಚಲುದೀಪ. ಎಂಟು ತೋಳು, ನೂರ ನಲವತ್ತನಾಲ್ಕು ಗಾಜಿನ ಹನಿ. ದೀಪದಣ್ಣ ಬೆಳಗ್ಗೆ ಏಳಕ್ಕೇ ಏಣಿ ಹತ್ತಿದ್ದರು. ಮೊದಲು ಕಾಗದದ ಮೇಲೆ ಅದರ ಚಿತ್ರ ಬರೆದು, ಹನಿಗಳನ್ನು ಒಂದೊಂದಾಗಿ ಕಳಚಿ, ನಂಬರು ಹಚ್ಚಿ, ಬಿಳಿ ಹಾಳೆಯಲ್ಲಿ ಸುತ್ತಿ, ತೋಳುಗಳನ್ನು ಪಟ್ಟಿಯಿಂದ ಬಿಗಿದು ಪೆಟ್ಟಿಗೆ ಮುಚ್ಚುವಾಗ ಮಧ್ಯಾಹ್ನ ಮೂರು ಗಂಟೆ. ಮಿಕ್ಕ ಸಾಮಾನೆಲ್ಲ ಲಾರಿ ಏರಿ ಯಾವ ಕಾಲವಾಗಿತ್ತೋ. ಆಳುಗಳು ಹಸಿದು ಕೂತಿದ್ದರು. ಡ್ರೈವರು ಹಾರನ್ ಹೊಡೆಯುತ್ತಿದ್ದ.

"ಒಳಗೇನು ಮದುವೆ ನಡೀತಿದೆಯೇನ್ರೋ?" ಅಂತ ಯಾರೋ ಕೂಗಿದರು. ದೀಪದಣ್ಣನಿಗೆ ಅದ್ಯಾವುದೂ ಇಲ್ಲ. ಕಿವುಡರಿಗೆ ಇರುವ ಒಂದೇ ಸುಖ ಅದು. ಬೈಗುಳವೆಲ್ಲ ಗಂಟಪ್ಪನ ಪಾಲಿಗೆ ಬರುತ್ತಿತ್ತು.

ಪೆಟ್ಟಿಗೆಗೆ ಕಿವಿಯಿಟ್ಟು ಅಲ್ಲಾಡಿಸಿದ. ಟಿಕ್ ಅಂದಿತು. ಇನ್ನೊಮ್ಮೆ ಅಲ್ಲಾಡಿಸಿದ. ಟಿಕ್. ಎಲ್ಲೋ ಒಂದು ತೋಳು ಬುಡದಲ್ಲಿ ಸಡಿಲವಿತ್ತು. ಮೂಗು ಮುಟ್ಟಿದರೆ ಇನ್ನೆರಡು ಗಂಟೆ ಇಲ್ಲೇ. ಹೊಟ್ಟೆ ಚುರುಗುಟ್ಟುತ್ತಿತ್ತು, ಹಾರನ್ ನಿಲ್ಲುತ್ತಿರಲಿಲ್ಲ. ಮೂರೇ ಮೈಲಿ, ರಸ್ತೆಯೂ ಚೆನ್ನಾಗಿದೆ, ಏನಾಗುತ್ತದೆ ಮಹಾ?

ಗಂಟಪ್ಪ ಕಣ್ಣು ಮುಚ್ಚಿ ತೆರೆದ. ಅಣ್ಣ ನಕ್ಕು ಟೇಪು ಎಳೆದರು.

ಹೊಸ ಮನೆಯಲ್ಲಿ ಪೆಟ್ಟಿಗೆ ತೆರೆದಾಗ ಬಿಡಿಯಾದ ತೋಳೊಂದು ಒಳಗೆಲ್ಲ ಬಡಿದಾಡಿ ಗಾಜಿನ ರಾಶಿಯನ್ನೇ ಮಾಡಿತ್ತು. ಮನೆಯೊಡತಿ ತಲೆ ಮೇಲೆ ಕೈ ಹೊತ್ತಳು. ಸೂಪರ್‌ವೈಸರು ಕಿರುಚಾಡಿದರು. ದೀಪದಣ್ಣ ಅವರ ಬಾಯಿಯನ್ನೇ ನೋಡಿದರು, ಆಮೇಲೆ ತಮ್ಮ ಎರಡೂ ಅಂಗೈ ನೋಡಿಕೊಂಡರು. ಗಂಟಪ್ಪನ ಕಡೆ ಒಂದು ಸಲ ನೋಡಿದರು. ಅದರಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ನನ್ನಿಂದ ನಿನಗೂ ಬೈಗುಳವಾಯಿತಲ್ಲ ಅನ್ನುವ ನೋಟ ಅದು.

"ನನ್ನ ಕೈ ತಪ್ಪು ಸಾರ್," ಅಂದರು ದೊಡ್ಡ ದನಿಯಲ್ಲಿ.

ಮರುದಿನದಿಂದ ಅವರಿಗೆ ಗೋಡೌನಿನ ಕಸ ಗುಡಿಸುವ ಕೆಲಸ. ನಾಲ್ಕು ದಿನ ಗುಡಿಸಿದರು. ಐದನೇ ದಿನ ಬರಲಿಲ್ಲ.

* * *

ಒಂದೂವರೆಗೆ ಅತ್ತಿಗೆ ಎದ್ದು ಅವನ ಹತ್ತಿರ ಬಂದರು. "ಮೇಲೆ ಬಾ ಗಂಟಪ್ಪ. ಒಂದು ಕೆಲಸ ಇದೆ."

ಮೂರನೇ ಮಹಡಿಯ ಕೋಣೆ ನಡುಹಗಲಲ್ಲೂ ಮಬ್ಬಾಗಿತ್ತು. ಮಾಡಿನಿಂದ ಎರಡು ಬರಿಯ ವೈರು ಇಳಿಬಿದ್ದಿದ್ದವು. ಮಂಚದ ಪಕ್ಕದಲ್ಲಿ ಮೂರು ಪೆಟ್ಟಿಗೆ. ಮೂರರ ಮೇಲೂ ದೀಪದಣ್ಣನ ದಪ್ಪ ಅಕ್ಷರ: ಗಾಜು.

"ಮನೆ ಖಾಲಿ ಮಾಡ್ತಿದ್ದೀರಾ ಅತ್ತಿಗೆ?"

"ಎಲ್ಲಿಗೆ ಹೋಗ್ಲಿ? ನಮ್ಮನೇಲಿ ಇದ್ದಿದ್ದೇ ಮೂರು ದೀಪ. ಮೂರನ್ನೂ ಕಟ್ಟಿಟ್ರು." ಅವರು ಮಂಚದ ಅಂಚಿಗೆ ಕೂತರು. "ದಿನಾ ಬೆಳಗ್ಗೆ ಬಿಚ್ಚೋದು, ನೋಡೋದು, ಮತ್ತೆ ಕಟ್ಟೋದು. ಕೈ ಎಲ್ಲಿ ತಪ್ತು ಅಂತ ಹುಡುಕ್ತೀನಿ ಅನ್ನೋರು. ಕಟ್ಟಿ ನನ್ನ ಕಿವಿಗೆ ಹಿಡಿಯೋರು. ಸದ್ದಿಲ್ಲ ರೀ ಅಂತ ಗಂಟಲು ಹರಿಯೋ ಹಾಗೆ ಕೂಗಿದ್ರೂ ನಂಬಿಕೆ ಇಲ್ಲ. 'ನೀನು ನನ್ನ ಸಮಾಧಾನಕ್ಕೆ ಹೇಳ್ತೀಯ. ಗಂಟಪ್ಪ ಬರಲಿ. ಅವನು ಸುಳ್ಳು ಹೇಳೋನಲ್ಲ. ಅವನು ಕೇಳಿ ಹೇಳಿದ ಮೇಲೆ ಬಿಚ್ಚಿ ಹಾಕೋಣ' ಅನ್ನೋರು. ಎಂಟು ತಿಂಗಳು ಹೊರಗಿನ ಮೆಟ್ಟಿಲ ದೀಪದ ಬೆಳಕಲ್ಲೇ ಉಂಡ್ವಿ, ಮಲಗಿದ್ವಿ. ನೀನು ಬರಲೇ ಇಲ್ಲ."

ಗಂಟಪ್ಪ ಮೂರು ಪೆಟ್ಟಿಗೆಗಳನ್ನೂ ಒಂದೊಂದಾಗಿ ನೋಡಿದ.

"ಬಂದಿದ್ದೀಯಲ್ಲ, ಈಗ ಕೇಳು," ಅಂದರು ಅತ್ತಿಗೆ. "ಅವರ ಆಸೆ. ಕೇಳಿ ನಿಜ ಹೇಳು, ಕೈ ಕೆಟ್ಟಿತ್ತಾ?"

ಅವನು ಪೆಟ್ಟಿಗೆ ಮುಟ್ಟಲಿಲ್ಲ. ನೆಲಕ್ಕೆ ಕೂತು, ಮುಖ ಮೇಲೆತ್ತದೆ, ಎಲ್ಲ ಹೇಳಿದ. ಹಾರನ್ನು, ಹಸಿವು, ಟಿಕ್ ಅಂದದ್ದು, ತಾನು ಕಣ್ಣು ಮುಚ್ಚಿ ತೆರೆದದ್ದು. ಹೇಳಿ ಮುಗಿದ ಮೇಲೆ ಎದೆ ಹಗುರಾಗುತ್ತದೆ ಅಂದುಕೊಂಡಿದ್ದ. ಆಗಲಿಲ್ಲ. ಅತ್ತಿಗೆ ಹೊಡೆಯಲಿ, ಉಗಿಯಲಿ ಅಂತ ಕಾದ. ಅವರು ಆ ಬರಿಯ ವೈರುಗಳತ್ತ ನೋಡಿದರು.

"ಒಂದೇ ಒಂದು ದಿನ ಬಂದು ಹೇಳಿದ್ರೆ ಆಗ್ತಿರಲಿಲ್ವೇನೋ?" ಅಂದರು. "ಬಯ್ಯೋರೂ ಅಲ್ಲ ಅವರು."

"ತಪ್ಪಾಯ್ತು ಅತ್ತಿಗೆ."

"ನನ್ನ ಹತ್ರ ಹೇಳಿ ಏನು ಬಂತು? ನಾನೇನು ದೀಪ ಕಟ್ಟಿದ್ನಾ?" ಅತ್ತಿಗೆ ಎದ್ದು ಅವನ ಮಣಿಕಟ್ಟು ಹಿಡಿದರು. ಆ ಹಿಡಿತಕ್ಕೆ ಇಷ್ಟು ಬಲ ಎಲ್ಲಿಂದ ಬಂತೋ. "ನಡಿ. ಅವರಿಗೆ ಹೇಳು."

ಕೆಳಗೆ ಗಾಡಿ ಬಂದು ಬಾಗಿಲಿಗೆ ನಿಂತಿತ್ತು. ಹಲಗೆ ಎತ್ತಲು ಡ್ರೈವರು ಅಂಗಿಯ ತೋಳು ಮಡಚುತ್ತಿದ್ದ. ಕೋಣೆ ತುಂಬ ಜನ, ತುಂಬ ಪಿಸುಮಾತು. ಅತ್ತಿಗೆ ಸೂಪರ್‌ವೈಸರನ್ನು ಪಕ್ಕಕ್ಕೆ ಸರಿಸಿದರು.

"ಒಂದು ನಿಮಿಷ ನಿಲ್ಲಿ. ಇವನು ಅವರಿಗೇನೋ ಹೇಳ್ಬೇಕಂತೆ."

ಗಂಟಪ್ಪ ಬೆಂಚಿನ ಪಕ್ಕ ಮಂಡಿಯೂರಿದ. ಬಗ್ಗಿ, ಅಣ್ಣನ ಎಡಗಿವಿಗೆ ಬಾಯಿ ತಂದ. ಎರಡರಲ್ಲಿ ಅದೇ ಸ್ವಲ್ಪ ವಾಸಿ. "ಅಣ್ಣಾ," ಅಂತ ಮೆಲ್ಲಗೆ ಅಂದ. ಮೆಲ್ಲಗೆ ಅಂದದ್ದು ಅವರನ್ನು ಎಂದೂ ಮುಟ್ಟಿದ್ದಿಲ್ಲ. ಆರು ವರ್ಷದ ರೂಢಿ. ಅವನ ಗಂಟಲು ತಾನಾಗಿ ತೆರೆದುಕೊಂಡಿತು.

"ಅಣ್ಣಾ! ಅವತ್ತು ಸದ್ದು ಬಂತು! ನಂಗೆ ಕೇಳಿಸ್ತು! ನಿಮ್ಮ ಕೈ ತಪ್ಪಿಲ್ಲ, ನಾನೇ ಸುಳ್ಳು ಹೇಳ್ದೆ!"

ಕೋಣೆಯ ಪಿಸುಮಾತೆಲ್ಲ ಒಮ್ಮೆಗೇ ನಿಂತಿತು. ಕೆಳಗಿನ ಮನೆಯಾಕೆ ಬಾಯಿಗೆ ಸೆರಗು ಒತ್ತಿಕೊಂಡರು. ಡ್ರೈವರು ಮಡಚಿದ ತೋಳನ್ನು ಇಳಿಸುತ್ತ, "ಅಂದ್ರೆ... ಕಿವಿ ಕೇಳಿಸ್ತಿರಲಿಲ್ವಾ ಅವರಿಗೆ?" ಅಂದ.

ಅತ್ತಿಗೆ ಬಗ್ಗಿ ಗಂಡನ ಮುಖವನ್ನು ನೋಡಿದರು. ಹುಬ್ಬು, ತುಟಿ, ಕೆನ್ನೆ. ಒಂದು ಮಾತು ಕೂಗಿ, ಅದು ಮುಟ್ಟಿತೋ ಇಲ್ಲವೋ ಅಂತ ಎಂಟು ವರ್ಷ ದಿನವೂ ನೋಡುತ್ತಿದ್ದ ಹಾಗೆಯೇ ನೋಡಿದರು.

"ಕೇಳಿಸಿಲ್ಲ," ಅಂದರು. "ಇನ್ನೊಂಚೂರು ಜೋರಾಗಿ ಹೇಳು."

ಗಂಟಪ್ಪ ಎದೆ ತುಂಬ ಉಸಿರೆಳೆದುಕೊಂಡು ಮತ್ತೆ ಬಗ್ಗಿದ.