ಮಾಭಾಲಾ ಕಿತ್ತ ಗಂಡುಗಿಡಗಳು

ಗಂಡುಗಿಡಗಳನ್ನು ಕೀಳು, ಹೂಪುಡಿ ಹಾರುವ ಮೊದಲೇ ಕೀಳು ಎಂದು ಮಾಭಾಲಾ ಪಕ್ಕದ ಹೊಲದ ವುಯಿಸೀಲೆಗೆ ಆ ಮಾರ್ಚಿನಲ್ಲಿ ನಾಲ್ಕನೆಯ ಸಲ ಹೇಳಿದಳು. ಅವನು ತಲೆಯಾಡಿಸಿ, ನಾಳೆ ಖಂಡಿತ ಎಂದ. ಎರಡು ವರ್ಷದಿಂದ ಅವನು ಹಾಗೇ ಹೇಳುತ್ತಿದ್ದ.

ದಕ್ಷಿಣ ಆಫ್ರಿಕಾದ ಪೊಂಡೊಲ್ಯಾಂಡಿನ ನಮ್ಮ ಕಣಿವೆಯಲ್ಲಿ ಗಾಂಜಾ ಬೆಳೆಯದ ಮನೆಯಿಲ್ಲ. ಆದರೆ ಹಳೆಯ ತಳಿ ಉಳಿದಿದ್ದದ್ದು ಮಾಭಾಲಾಳ ಹೊಲದಲ್ಲಿ ಮಾತ್ರ. ಎರಡಾಳೆತ್ತರದ ಗಿಡ, ಹುಲ್ಲಿನಂತೆ ಸಪೂರವಾದ ಎಲೆ, ಬುಡದಲ್ಲಿ ಕೆಂಪಾದ ಕಾಂಡ. ಹೂಗೊಂಚಲನ್ನು ತಿಕ್ಕಿದರೆ ಕಿತ್ತಳೆ ಸಿಪ್ಪೆಯ ವಾಸನೆ. ಕಡಲಿನ ಮಂಜು ಎಷ್ಟು ಕವಿದರೂ ಬೂಷ್ಟು ಹಿಡಿಯುತ್ತಿರಲಿಲ್ಲ. ಆದರೆ ಅಕ್ಟೋಬರಿನಲ್ಲಿ ಬಿತ್ತಿದರೆ ಕೊಯ್ಲಿಗೆ ಜೂನ್ ಬರಬೇಕು. ಅಷ್ಟು ಕಾಯಲಾರದೆ ಉಳಿದವರೆಲ್ಲ ಪಟ್ಟಣದಿಂದ ಪೊಟ್ಟಣದಲ್ಲಿ ಬರುವ, ಮೂರೇ ತಿಂಗಳಿನ ಅಗಲ ಎಲೆಯ ಕುಳ್ಳ ತಳಿಗೆ ಹೋದರು.

ಬೀಜಕ್ಕೆಂದು ತನ್ನ ಎರಡು ಗಂಡುಗಿಡಗಳನ್ನಷ್ಟೇ ಅವಳು ತೊರೆಯ ಬಳಿ ಉಳಿಸಿಕೊಂಡು ಮಿಕ್ಕವನ್ನು ಕೀಳುತ್ತಿದ್ದಳು. ಬೀಜ ಕಟ್ಟಿದರೆ ಬೆಲೆ ಇಳಿಯುತ್ತದೆಂದು ಊರಿನವರೂ ತಮ್ಮ ತಮ್ಮದನ್ನು ಕೀಳುತ್ತಿದ್ದರು. ವುಯಿಸೀಲೆ ಮಾತ್ರ ಬಿಟ್ಟುಬಿಡುತ್ತಿದ್ದ, ಗಾಳಿ ಬೀಸುತ್ತಿದ್ದದ್ದೂ ಅವನ ಕಡೆಯಿಂದಲೇ. ಅವನ ಗಿಡಗಳ ಪರಾಗ ಬೆರೆತು, ಆ ವರ್ಷ ಅವಳ ಮಡಿಯಲ್ಲಿ ಮೊಳೆತ ಸಸಿಗಳಲ್ಲಿ ಅರ್ಧದಷ್ಟು ಅಗಲ ಎಲೆಯವು.

ಮರುದಿನ ಬೆಳಿಗ್ಗೆ ಅವನು ದನಗಳಿಗೆ ಉಣ್ಣಿ ಹುಳದ ಔಷಧಿ ಹಾಕಿಸಲು ಹೋಗಿದ್ದಾಗ ಅವಳೇ ಅವನ ಹೊಲಕ್ಕೆ ನುಗ್ಗಿ ನಲವತ್ತು ಗಂಡುಗಿಡಗಳನ್ನು ಬೇರುಸಹಿತ ಕಿತ್ತು ಬೇಲಿಯ ಬಳಿ ಸುಟ್ಟಳು.

ವುಯಿಸೀಲೆ ಊರ ಮುಖ್ಯಸ್ಥನ ಬಳಿ ದೂರು ಒಯ್ದ. ದನದ ಕೊಟ್ಟಿಗೆಯ ಪಕ್ಕ ಎಲ್ಲರೂ ಸೇರಿದರು. ಇವಳು ಕಿತ್ತದ್ದರಲ್ಲಿ ಅರ್ಧ ಹೆಣ್ಣುಗಿಡಗಳೇ, ಬೆಳೆದ ಬೆಳೆ ಹಾಳಾಯಿತು ಎಂದು ಅವನು ಕೂಗಾಡಿದ. ಮಾಭಾಲಾ ಎದ್ದುಹೋಗಿ ತನ್ನ ಹೊಲದಿಂದ ಗಂಡಿನದೊಂದು, ಹೆಣ್ಣಿನದೊಂದು ರೆಂಬೆ ಮುರಿದು ತಂದಳು.

"ನ್ಯಾವುಜ," ಎಂದು ಅವನನ್ನು ಕುಲದ ಹೆಸರಿನಿಂದ ಕರೆದಳು, "ಇದರಲ್ಲಿ ಗಂಡು ಯಾವುದು, ತೋರಿಸು."

ಅವನು ರೆಂಬೆಗಳನ್ನು ದೂರ ಹಿಡಿದ, ಮೂಗಿನ ಹತ್ತಿರ ತಂದ, ಕೊನೆಗೆ ಹೆಣ್ಣನ್ನು ತೋರಿಸಿದ. ಎಲ್ಲರೂ ನಕ್ಕರು. ಅವಳಿಗೆ ನಗು ಬರಲಿಲ್ಲ.

"ಕಣ್ಣು ಕಾಣಲ್ವಾ ನಿಂಗೆ?"

"ದನ ಕಾಣುತ್ತೆ, ದಾರಿ ಕಾಣುತ್ತೆ," ಎಂದ ಅವನು ಮೆಲ್ಲಗೆ. "ಈ ಸಾಸಿವೆಯಷ್ಟಿರೋ ಮೊಗ್ಗು ಮಾತ್ರ ಕಾಣಲ್ಲ."

"ಇದನ್ನ ಎರಡು ವರ್ಷದ ಹಿಂದೆಯೇ ಹೇಳೋಕೆ ಏನಾಗಿತ್ತು?"

"ನಿಂಗೆ ಹೇಳಿದ್ರೆ ನೀನು ಊರಿಗೆಲ್ಲ ಹೇಳ್ತಿದ್ದೆ, ಮಾಭಾಲಾ."

"ಈಗ ಊರೆಲ್ಲ ಇಲ್ಲೇ ಕೂತಿದೆ ನೋಡು."

ಅವನು ಕನ್ನಡಕ ಕೊಳ್ಳಬೇಕು, ಅದು ಬರುವವರೆಗೆ ಅವನ ಹೊಲದ ಗಂಡುಗಿಡಗಳನ್ನು ಅವಳೇ ನೋಡಿ ಕೀಳಬೇಕು ಎಂದು ಮುಖ್ಯಸ್ಥ ತೀರ್ಮಾನ ಹೇಳಿದ. ವುಯಿಸೀಲೆ ಸಂತೆಯಲ್ಲಿ ಕೊಂಡ ಕನ್ನಡಕದಲ್ಲಿ ಎಲ್ಲವೂ ಎರಡೆರಡಾಗಿ ಕಂಡು, ಅದು ಗೋಡೆಯ ಗೂಡಿನಲ್ಲೇ ಉಳಿಯಿತು. ಮುಂದಿನ ಹಂಗಾಮಿನಲ್ಲಿ ಮಾಭಾಲಾ ತನ್ನ ಮಡಿಯ ಇನ್ನೂರು ಸಸಿಗಳನ್ನು ಒಂದೊಂದಾಗಿ ನೋಡಿ, ಎಲೆ ಚೂರು ಅಗಲ ಕಂಡರೂ ಕಿತ್ತೆಸೆದಳು. ಉಳಿದದ್ದು ಹತ್ತೊಂಬತ್ತು. ಹೂ ಬರುವ ಕಾಲಕ್ಕೆ ದಿನವೂ ಬೆಳಿಗ್ಗೆ, ಸೊಂಟ ನೋವೆಂದು ಬೈದುಕೊಳ್ಳುತ್ತಲೇ, ಅವನ ಹೊಲದ ಸಾಲುಗಳನ್ನು ಬಗ್ಗಿ ಬಗ್ಗಿ ತಡಕಾಡಿದಳು. ಅವನು ಬುಟ್ಟಿ ಹಿಡಿದು ಹಿಂದೆಯೇ ನಡೆಯುತ್ತ ತನ್ನ ಹೋರಿಗಳ ಕತೆ ಹೇಳುತ್ತಿದ್ದ. ಬಾಯಿ ಮುಚ್ಚು ಎಂದರೂ ಮುಚ್ಚಲಿಲ್ಲ.

ಜೂನಿನಲ್ಲಿ ಒಂದು ಲೋಟದಷ್ಟು ಶುದ್ಧ ಬೀಜ ಸಿಕ್ಕಿತು. ಅವಳು ಅದರಲ್ಲಿ ಒಂದು ಹಿಡಿ ತೆಗೆದು ವುಯಿಸೀಲೆಗೆ ಕೊಟ್ಟಳು. ಅವನೂ ಇದನ್ನೇ ಬಿತ್ತಿದರೆ ಗಾಳಿ ಹೇಗೆ ಬೀಸಿದರೂ ತಳಿ ಕೆಡುವುದಿಲ್ಲ ಎಂಬುದು ಅವಳ ಲೆಕ್ಕ. ಎಂಟು ತಿಂಗಳು ಯಾರು ಕಾಯುತ್ತಾರೆ ಎಂದು ಅವನು ಗೊಣಗಿದ.

"ಬೇಡ ಅಂದ್ರೆ ವಾಪಸ್ ಕೊಡು," ಎಂದು ಅವಳು ಕೈಚಾಚಿದಳು.

ಅವನು ಕೊಡಲಿಲ್ಲ.